ಪಿತೃಪಕ್ಷದ ಹತ್ತು ದಿನ

ಮೊನ್ನೆ ಪಿಂಚಣಿಯ ಕಾಗದವೊಂದನ್ನು ಕೊಡಲು ಹಳೆಯ ಆಫೀಸಿಗೆ ಹೋಗಿದ್ದೆ. ಕ್ಲೈಮ್ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕುರ್ಚಿ ಎಳೆದು ಕೂರಿಸಿ ಕೇಳಿದಳು: "ಮೇಡಂ, ಪ್ರೀ-ಎಕ್ಸಿಸ್ಟಿಂಗ್ ಅಂದ್ರೆ ಏನು ಅಂತ ಸಿಂಪಲ್ಲಾಗಿ ಹೇಳ್ಬಿಡಿ. ಟ್ರೈನಿಂಗಲ್ಲಿ ಎರಡು ದಿನ ಹೇಳಿದ್ರು, ತಲೆಗೇ ಹೋಗ್ಲಿಲ್ಲ."

ಎರಡು ದಿನ ಹೇಳಿದ್ದು ತಲೆಗೆ ಹೋಗದಿದ್ದರೆ ತಪ್ಪು ಅವಳದಲ್ಲ. ನನ್ನ ತಲೆಗೆ ಅದು ಹೋಗಲು ಹನ್ನೆರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಸಾರಕ್ಕಿಯ ಹೆಂಗಸೊಬ್ಬಳ ಪ್ರಾಣಕ್ಕೇ ನಾನು ಸಂಚಕಾರ ತಂದಿದ್ದೆ. ಕಾಫಿ ಬರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಮನೆಗೆ ಹೋಗಿ ಬರೆದು ಕಳಿಸುತ್ತೇನಮ್ಮ ಎಂದು ಬಂದೆ. ಇದು ಅವಳಿಗಾಗಿ, ಅವಳಂಥ ಹೊಸಬರಿಗಾಗಿ ಬರೆದದ್ದು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಏನು ಹೊಗಳಿದರು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ಓದುವವರು ನಮ್ಮ ಮನೆಯಲ್ಲೇ ಇಲ್ಲ.

ನಾನು ಸರ್ಕಾರಿ ವಿಮಾ ಕಂಪನಿಯೊಂದರ ಜಯನಗರದ ಶಾಖೆಯಲ್ಲಿದ್ದೆ. ಮೋಟಾರು ವಿಭಾಗದಿಂದ ಆರೋಗ್ಯ ವಿಮೆಗೆ ನನ್ನನ್ನು ಎತ್ತಿ ಹಾಕಿದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ಜನ ಸ್ಕೂಟರಿಗೆ ವಿಮೆ ಮಾಡಿಸುತ್ತಿದ್ದರು, ಇಲ್ಲದಿದ್ದರೆ ಪೊಲೀಸಿನವರು ಹಿಡಿಯುತ್ತಾರಲ್ಲ. ಮೈಗೆ ವಿಮೆ ಎಂದರೆ, "ಬಿಡ್ತು ಅನ್ನಿ ಮೇಡಂ" ಎನ್ನುತ್ತಿದ್ದರು.

ನಿಯಮ ಕೇಳಲು ಬಹಳ ಸರಳ. ಪಾಲಿಸಿ ಮೊಟ್ಟಮೊದಲು ಶುರುವಾದ ದಿನಕ್ಕಿಂತ ಮುಂಚೆ ಮೈಯಲ್ಲಿದ್ದ ಕಾಯಿಲೆಗೆ ಕಂಪನಿ ದುಡ್ಡು ಕೊಡುವುದಿಲ್ಲ. ಆ ಕಾಯಿಲೆಯಿಂದ ಹುಟ್ಟಿದ ಇನ್ನೊಂದು ಕಾಯಿಲೆಗೂ ಕೊಡುವುದಿಲ್ಲ. ಅದು ಮೈಯಲ್ಲಿದ್ದದ್ದು ನಿಮಗೆ ಗೊತ್ತಿತ್ತೋ ಇಲ್ಲವೋ, ಅದನ್ನು ಆಗ ಯಾರೂ ಕೇಳುತ್ತಿರಲಿಲ್ಲ. ನಿಯಮ ಅನ್ಯಾಯದ್ದೆಂದು ನಾನು ಹೇಳುವುದಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬೆಂಕಿ ವಿಮೆ ಮಾಡಿಸಲು ಓಡಿಬಂದರೆ ಯಾವ ಕಂಪನಿ ತಾನೇ ಉಳಿದೀತು? ಕಷ್ಟವಿರುವುದು ಆ 'ಮುಂಚೆ' ಎಂಬುದನ್ನು ಗೊತ್ತು ಮಾಡುವುದರಲ್ಲಿ. ಕಾಯಿಲೆಯೇನು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಮೈಯೊಳಗೆ ಬರುತ್ತದೆಯೇ?

ಅದನ್ನು ಗೊತ್ತು ಮಾಡುವುದನ್ನು ನನಗೆ ಕಲಿಸಿದವರು ರಂಗಸ್ವಾಮಿ ಸಾರ್, ನಮ್ಮ ಮ್ಯಾನೇಜರು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಮನೆಯಿಂದ ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ತರುತ್ತಿದ್ದರು, ಯಾರಿಗೂ ಒಂದು ಗುಟುಕು ಕೊಟ್ಟದ್ದನ್ನು ಆಗ ನಾನು ನೋಡಿರಲಿಲ್ಲ. ನಾನು 'ತಿರಸ್ಕರಿಸಬಹುದು' ಎಂದು ಬರೆದು ಒಳಗೆ ಕಳಿಸಿದ ಫೈಲು ಹತ್ತರಲ್ಲಿ ಏಳು ಸಲ ವಾಪಸು ಬರುತ್ತಿತ್ತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದೇ ಮಾತು: 'ಕೇಳಿದಿರಾ?' ಯಾರನ್ನು, ಏನನ್ನು ಎಂದು ಬರೆಯುತ್ತಿರಲಿಲ್ಲ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಗದದಲ್ಲಿ ಎಲ್ಲ ಇದೆಯಲ್ಲ, ಇನ್ನೇನು ಕೇಳುವುದು ಇವರ ತಲೆ ಎಂದುಕೊಂಡು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ.

ಹಾಗೆ ಹೊರಟದ್ದರಲ್ಲಿ ಒಂದು ಸಲ ಜಯನಗರ ಮೂರನೇ ಬ್ಲಾಕಿನ ನಿವೃತ್ತ ಎಂಜಿನಿಯರೊಬ್ಬರ ಮನೆ. ಕಿಡ್ನಿಯ ಚಿಕಿತ್ಸೆಗೆ ದುಡ್ಡು ಕೇಳಿದ್ದರು. ಸಕ್ಕರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆಗೆ ಅರ್ಜಿಯಲ್ಲಿ 'ಇಲ್ಲ' ಎಂದಿತ್ತು. ನಾನು ಹೋಗಿ ಕೂತೆ. ಎಂಜಿನಿಯರರು ತಮ್ಮ ಆರೋಗ್ಯದ ಬಗ್ಗೆ, ದಿನಾ ಲಾಲ್‌ಬಾಗಿಗೆ ನಡೆಯುವ ಬಗ್ಗೆ ಅರ್ಧ ಗಂಟೆ ಹೇಳಿದರು. ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದು, "ಎಡಗಡೆ ಲೋಟ ತೊಗೊಳ್ಳಿ ಮೇಡಂ, ಬಲಗಡೆದು ಇವರದು. ಎಂಟು ವರ್ಷದಿಂದ ಇವರಿಗೆ ಸಕ್ಕರೆ ಹಾಕಲ್ಲ" ಎಂದರು. ಪಾಲಿಸಿಗೆ ಆಗ ಮೂರು ವರ್ಷ. ಎಂಜಿನಿಯರರು ಹೆಂಡತಿಯ ಮುಖ ನೋಡಿದರು, ನಾನು ಲೋಟ ನೋಡಿದೆ. ಸೊಗಸಾದ ಕಾಫಿ. ಅದನ್ನು ಕುಡಿದು ಅವರ ವಿರುದ್ಧವೇ ಬರೆಯಬೇಕಾಯಿತಲ್ಲ ಎಂದು ಇವತ್ತಿಗೂ ಸಂಕೋಚವಾಗುತ್ತದೆ.

ಗೇಟಿನ ತನಕ ಬಂದ ಅವರು, "ಅರ್ಜಿ ತುಂಬಿದ್ದು ನಾನಲ್ಲಮ್ಮ, ಏಜೆಂಟು. ಎಲ್ಲದಕ್ಕೂ 'ಇಲ್ಲ' ಅಂತ ಬರ್ಕೋತೀನಿ, ಸಹಿ ಮಾತ್ರ ಹಾಕಿ ಸಾರ್ ಅಂದ" ಎಂದರು. ಅದೂ ಸುಳ್ಳಲ್ಲ. ಆಫೀಸಿಗೆ ಬಂದು ಆ ಏಜೆಂಟನ ಅರ್ಜಿಗಳ ಕಟ್ಟು ತೆಗೆದರೆ, ಒಂದೇ ಕೈ, ಒಂದೇ ಪೆನ್ನು, ಎಲ್ಲ ಪ್ರಶ್ನೆಗೂ 'ಇಲ್ಲ'. ಎಪ್ಪತ್ತು ವರ್ಷದ ಮುದುಕರಿಗೂ ಒಂದು ಕೆಮ್ಮು ಕೂಡ ಇರಲಿಲ್ಲ. ಅವನನ್ನು ಕರೆಸಿ ಕೇಳಿದರೆ, "ಮೇಡಂ, ಎಲ್ಲ ಕೇಳ್ತಾ ಕೂತ್ರೆ ಪಾರ್ಟಿ ಎದ್ದು ಹೋಗ್ತಾರೆ" ಅಂದ. ಅಂದಿನಿಂದ ನಾನು ಅರ್ಜಿ ಹಿಡಿದರೆ ಮೊದಲು ನೋಡುತ್ತಿದ್ದುದು ಬರಹ ಯಾರದು, ಸಹಿ ಯಾರದು ಎಂದು. ನೀವೂ ನೋಡಿ.

ಇನ್ನೊಂದು, ಬಿಟಿಎಂ ಲೇಔಟಿನದು. ಬಾಗಲಕೋಟೆ ಕಡೆಯಿಂದ ಬಂದು ಬಾಡಿಗೆ ಮನೆಯಲ್ಲಿದ್ದ ಅಣ್ಣ ತಮ್ಮಂದಿರು. ತಮ್ಮನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಆಸ್ಪತ್ರೆಯ ಕೇಸ್ ಶೀಟಿನಲ್ಲಿ 'ಐದು ವರ್ಷದಿಂದ ಇದೆ' ಎಂದು ಡಾಕ್ಟರು ಬರೆದಿದ್ದರು. ಪಾಲಿಸಿ ಎರಡು ವರ್ಷದ್ದು. ಇನ್ನೇನು ಬೇಕು? ತಿರಸ್ಕರಿಸಿ ಬರೆದೆ. ಹಸಿರು ಶಾಯಿ ಬಂತು. ಗೊಣಗಿಕೊಂಡು ಬಸ್ಸು ಹತ್ತಿದೆ.

ಬಾಗಿಲು ತೆಗೆದ ಅಣ್ಣ ನನ್ನ ಪ್ರಶ್ನೆ ಕೇಳಿ ತಲೆ ತಗ್ಗಿಸಿದ. "ಅದು ನಾನಽ ಹೇಳಿದ್ದರಿ ಅಕ್ಕಾರ. ಎರಡು ದಿನದ್ದು ಅಂದ್ರ ಹೊರಗ ಬೆಂಚಿನ ಮ್ಯಾಲೆ ಕುಂದರಸ್ತಾರ, ಐದು ವರ್ಷದ್ದು ಅಂದ್ರ ಲಗೂನ ಒಳಗ ಕರಕೋತಾರ ಅಂತ ಹಂಗಂದೆ. ಅವ ನೋವಿಗೆ ಒದ್ದಾಡಾಕತ್ತಿದ್ದರಿ." ಪಾಲಿಸಿ ಶುರುವಾದ ಮೇಲೆ, ಹಿಂದಿನ ವರ್ಷ ತಮ್ಮ ಕೆಲಸಕ್ಕೆ ಸೇರುವಾಗ ಮಾಡಿದ್ದ ವೈದ್ಯಕೀಯ ತಪಾಸಣೆಯ ಕಾಗದ ಟ್ರಂಕಿನಲ್ಲಿತ್ತು. ಅದರಲ್ಲಿ ಡಾಕ್ಟರು ಹರ್ನಿಯಾ ಇಲ್ಲವೆಂದು ಸ್ಪಷ್ಟವಾಗಿ ಬರೆದಿದ್ದರು. ದುಡ್ಡು ಕೊಟ್ಟೆವು. ನಮ್ಮ ಜನ ಆಸ್ಪತ್ರೆಯ ಬಾಗಿಲಲ್ಲಿ ಕಾಯಿಲೆಯನ್ನು ದೊಡ್ಡದು ಮಾಡಿ ಹೇಳುತ್ತಾರೆ, ವಿಮೆಯ ಅರ್ಜಿಯಲ್ಲಿ ಚಿಕ್ಕದು ಮಾಡಿ ಬರೆಯುತ್ತಾರೆ. ಎರಡೂ ಮೋಸಕ್ಕಲ್ಲ, ಹೆದರಿಕೆಗೆ. ಇದನ್ನು ತಿಳಿದುಕೊಂಡ ಮೇಲೆ ರಂಗಸ್ವಾಮಿ ಸಾರ್ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಇನ್ನು ಗೌರಮ್ಮನ ವಿಷಯ.

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಗೌರಮ್ಮ, ಪುಟ್ಟಸ್ವಾಮಿ ದಂಪತಿಗಳದು ಒಂದು ಹಿಟ್ಟಿನ ಗಿರಣಿ. ರಾಗಿ, ಗೋಧಿ, ಮೆಣಸಿನಪುಡಿ, ಎಲ್ಲ ಬೀಸುತ್ತಿದ್ದರು. ಗೌರಮ್ಮ ಮೊದಲ ಸಲ ನಮ್ಮ ಕೌಂಟರಿಗೆ ಬಂದಾಗ ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿತ್ತು. "ಸೆರಗು ಕೊಡವಿದ್ರೆ ನಿಮ್ಮ ಫೈಲೆಲ್ಲ ಬೆಳ್ಳಗಾಗುತ್ತೆ ಮೇಡಂ, ಹಿಂಗೇ ಮಾತಾಡಿಸ್ಬಿಡಿ" ಎಂದು ನಕ್ಕಳು. ನನಗೆ ಅವಳು ಅಂದೇ ಹಿಡಿಸಿದಳು. ಅರ್ಜಿಯನ್ನು ಏಜೆಂಟನ ಕೈಗೆ ಕೊಡದೆ ನಾನೇ ಒಂದೊಂದು ಪ್ರಶ್ನೆ ಓದಿ ಹೇಳಿ ತುಂಬಿಸಿದೆ. ಆಗ ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ.

ನಾಲ್ಕನೆಯ ವರ್ಷ ಅವಳಿಗೆ ಸಕ್ಕರೆ ಕಾಯಿಲೆ ಕಂಡಿತು. ಗಾಬರಿಯಾಗಿ ಓಡಿಬಂದಳು. ನಾನೇ ಸಮಾಧಾನ ಹೇಳಿದೆ: "ಪಾಲಿಸಿ ಶುರುವಾದ್ಮೇಲೆ ಬಂದ ಕಾಯಿಲೆ ಇದು. ಕಂಪನಿ ಕೇಳೋ ಹಂಗಿಲ್ಲ. ರಿನ್ಯೂವಲ್ ಮಾತ್ರ ಒಂದು ದಿನಾನೂ ತಪ್ಪಿಸಬೇಡಿ. ತಪ್ಪಿಸಿದ್ರೆ ಪಾಲಿಸಿ ಹೊಸದಾಗುತ್ತೆ, ಆಗ ಇದೇ ಸಕ್ಕರೆ 'ಮುಂಚಿನ ಕಾಯಿಲೆ' ಆಗ್ಬಿಡುತ್ತೆ." ಈ ಮಾತು ಹೇಳಿದ್ದು ನನ್ನ ಬಾಯೇ. ಇದನ್ನು ನೆನಪಿಡಿ.

ಏಳನೆಯ ವರ್ಷ ರಿನ್ಯೂವಲ್ ತಾರೀಕು ಪಿತೃಪಕ್ಷದಲ್ಲಿ ಬಿತ್ತು. ಗಣೇಶನ ಹಬ್ಬ ಕಳೆದ ಮೇಲೆ, ಮಹಾಲಯ ಅಮಾವಾಸ್ಯೆಯವರೆಗಿನ ಹದಿನೈದು ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ಕಾಲ. ಹೊಸ ಬಟ್ಟೆ ಇಲ್ಲ, ಹೊಸ ಕೆಲಸ ಇಲ್ಲ. ನಮ್ಮ ಅಮ್ಮ ಪಕ್ಷದಲ್ಲಿ ಒಂದು ಪೊರಕೆ ಕೂಡ ಕೊಳ್ಳುತ್ತಿರಲಿಲ್ಲ. ಇನ್ನು ಪುಟ್ಟಸ್ವಾಮಿಯವರೋ, ಗಿರಣಿಯ ಬೆಲ್ಟು ಬದಲಾಯಿಸಲೂ ಪಂಚಾಂಗ ನೋಡುವವರು.

ತಾರೀಕಿಗೆ ಎರಡು ದಿನ ಮುಂಚೆ ಗೌರಮ್ಮ ಕೌಂಟರಿಗೆ ಬಂದಳು. ಚೀಲದಿಂದ ಚೆಕ್ಕು ತೆಗೆದಳು. ಸಹಿ ಆಗಿತ್ತು, ಮೂಲೆಯಲ್ಲಿ ಕುಂಕುಮವಿತ್ತು. ಆದರೆ ಕೈ ಮುಂದೆ ಬರಲಿಲ್ಲ. "ಪಕ್ಷ ಶುರುವಾಗೋ ಮುಂಚೇನೇ ಬರೆದು ದೇವರ ಮುಂದೆ ಇಟ್ಟಿದ್ರು ನಮ್ಮನೆಯೋರು. ತಲುಪಿಸೋಕೆ ಆಗ್ಲಿಲ್ಲ. ಈಗ ಪಕ್ಷದಲ್ಲಿ ಕೊಡಬೇಡ ಅಂತಾರೆ. ಅದೂ ಆಸ್ಪತ್ರೆ ಪಾಲಿಸಿ, ಕೆಟ್ಟ ಶಕುನ ಅಂತೆ. ಅಮಾವಾಸ್ಯೆ ಕಳದು ಪಾಡ್ಯದ ದಿನ ಕೊಟ್ರೆ ಆಗುತ್ತಾ ಮೇಡಂ?"

ನಾನು ಏನು ಹೇಳಬೇಕಿತ್ತು? ಇಲ್ಲಿ ಕೊಡಿ ಎಂದು ಆ ಚೆಕ್ಕನ್ನು ಕಿತ್ತುಕೊಳ್ಳಬೇಕಿತ್ತು. ಬದಲಿಗೆ, "ಆಯ್ತು ಬಿಡಿ, ಪಾಡ್ಯಕ್ಕೇ ಕೊಡಿ. ಅಷ್ಟರಲ್ಲಿ ಏನೂ ಮುಳುಗಿ ಹೋಗಲ್ಲ" ಎಂದೆ. ಒಂದು ವಾರದವರೆಗಿನ ತಡವನ್ನು ಆಗ ಮ್ಯಾನೇಜರು ಮನ್ನಿಸಬಹುದಿತ್ತು, ಅದು ನನ್ನ ತಲೆಯಲ್ಲಿತ್ತು. ಪಾಡ್ಯ ಎಷ್ಟು ದಿನಕ್ಕೆ ಬರುತ್ತದೆಂದು ಬೆರಳು ಮಡಚಿ ಎಣಿಸಲಿಲ್ಲ. ನಮ್ಮ ಅಮ್ಮನ ಮಗಳಾಗಿ ಯೋಚಿಸಿದೆ, ಆಫೀಸಿನ ನೌಕರಳಾಗಿ ಯೋಚಿಸಲಿಲ್ಲ. ಪಾಡ್ಯದ ದಿನ ಅವಳು ಚೆಕ್ಕು ಕೊಟ್ಟಳು. ತಡ ಹತ್ತು ದಿನವಾಗಿತ್ತು. ಆ ವೇಳೆಗೆ ಕಂಪ್ಯೂಟರು ಬಂದಿತ್ತು. ಅದು ಸದ್ದಿಲ್ಲದೆ 'ಹೊಸ ಪಾಲಿಸಿ' ಎಂದು ಮೂಲೆಯಲ್ಲಿ ಅಚ್ಚು ಹಾಕಿತು. ನಾನು ಆ ಮೂಲೆ ನೋಡದೆ ಸಹಿ ಮಾಡಿ ಕೊಟ್ಟು, "ಹಬ್ಬ ಚೆನ್ನಾಗಿ ಮಾಡಿ" ಎಂದೆ.

ಮುಂದಿನ ಬೇಸಿಗೆಯಲ್ಲಿ ಗೌರಮ್ಮನಿಗೆ ಎದೆನೋವು ಬಂತು. ರಕ್ತನಾಳ ಮೂರು ಕಡೆ ಕಟ್ಟಿಕೊಂಡಿದೆ, ಬೈಪಾಸ್ ಆಗಬೇಕು, ಹದಿನೈದು ದಿನಕ್ಕಿಂತ ತಡ ಮಾಡಬೇಡಿ ಎಂದರು ಡಾಕ್ಟರು. ಹಿಂದೆಲ್ಲ ಜನ ಆಸ್ಪತ್ರೆಗೆ ತಾವೇ ಕಟ್ಟಿ, ಆಮೇಲೆ ಬಿಲ್ಲು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಆಗಷ್ಟೇ ಪದ್ಧತಿ ಬದಲಾಗಿತ್ತು. ಕಂಪನಿಗೂ ಆಸ್ಪತ್ರೆಗೂ ನಡುವೆ ಒಂದು ಹೊಸ ಸಂಸ್ಥೆ ಬಂದು ಕೂತಿತ್ತು. ಅವರು ಮೊದಲೇ ಒಪ್ಪಿಗೆ ಕೊಟ್ಟರೆ ಆಸ್ಪತ್ರೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ಒಪ್ಪಿಗೆ ಕೇಳಿದಾಗ ಅವರ ಫ್ಯಾಕ್ಸ್ ಬಂತು: ಪಾಲಿಸಿ ಹೊಸದು, ಸಕ್ಕರೆ ಕಾಯಿಲೆ ಅದಕ್ಕಿಂತ ಹಳೆಯದು, ಹೃದಯದ ತೊಂದರೆ ಸಕ್ಕರೆಯಿಂದ ಬಂದದ್ದು, ಆದ್ದರಿಂದ ಒಪ್ಪಿಗೆ ಇಲ್ಲ.

ಪುಟ್ಟಸ್ವಾಮಿ ಆ ಕಾಗದ ಹಿಡಿದು ನನ್ನ ಮೇಜಿನ ಮುಂದೆ ನಿಂತರು. ನಾನು ಹಳೆಯ ಪಾಲಿಸಿಗಳನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೂಲೆಯ ಅಚ್ಚು ಕಂಡಿತು.

"ಎಲ್ಲ ನನ್ನಿಂದ್ಲೇ ಮೇಡಂ" ಎಂದರು ಅವರು. "ಪಕ್ಷ ಪಕ್ಷ ಅಂತ ಹಠ ಮಾಡ್ದೋನು ನಾನು. ಅವಳು ಬೇಡ ಅಂದ್ಲು. ಕೇಳ್ಲಿಲ್ಲ. ಹೋಗಿದ್ದ ಹಿರಿಯರನ್ನ ನೋಡ್ಕೊಂಡೆ, ಇದ್ದೋಳನ್ನ ನೋಡ್ಲಿಲ್ಲ. ಈಗ ಗಿರಣಿ ಮಾರ್ತೀನಿ. ಮಷೀನು ಜಾಗ ಎರಡೂ ತೊಗೊಳ್ಳೋರು ಒಬ್ಬರು ಬೊಮ್ಮನಹಳ್ಳಿಲಿದಾರೆ. ನಾಳಿದ್ದು ಮಾತಾಡೋಕೆ ಬರ್ತಾರೆ."

ನಾನು "ಸ್ವಲ್ಪ ತಡೀರಿ, ನೋಡ್ತೀನಿ" ಎಂದೆ. ನನ್ನ ತಪ್ಪು ಇದು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ನನ್ನ ಗಂಡನ ಕಾರ್ಖಾನೆ ಮುಚ್ಚಿ ವರ್ಷವಾಗಿತ್ತು, ಮಗಳು ಪಿಯುಸಿಯಲ್ಲಿದ್ದಳು, ಮನೆ ನಡೆಯುತ್ತಿದ್ದುದು ನನ್ನ ಸಂಬಳದಲ್ಲಿ. ಆ ಲೆಕ್ಕವೆಲ್ಲ ಕ್ಷಣದಲ್ಲಿ ತಲೆಯಲ್ಲಿ ಓಡಿತು. ನಾಚಿಕೆಯಾಗುತ್ತದೆ, ಆದರೆ ಓಡಿದ್ದು ನಿಜ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಗೌರಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಹುಬ್ಬಿನ ಮೇಲೆ ಹಿಟ್ಟಿಲ್ಲದ ಅವಳ ಮುಖವನ್ನು ನಾನು ಅದೇ ಮೊದಲು ನೋಡಿದ್ದು. ಗುರುತೇ ಹತ್ತಲಿಲ್ಲ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಗಿರಣಿ ಮಾರ್ತೀನಿ ಅಂದ್ರಾ ನಿಮ್ಮ ಹತ್ರಾನೂ? ಈ ಯಪ್ಪಂಗೆ ಬೇರೆ ಮಾತೇ ಇಲ್ಲ."

ನಾನು ಅವಳ ಕೈ ಹಿಡಿದುಕೊಂಡು, "ಗೌರಮ್ಮ, ಆವತ್ತು ಪಾಡ್ಯಕ್ಕೆ ಕೊಡಿ ಅಂದಿದ್ದು ನಾನು" ಎಂದೆ.

"ಗೊತ್ತಲ್ಲ."

"ನಿಮ್ಮನೆಯೋರು ತನ್ನಿಂದ್ಲೇ ಆಯ್ತು ಅಂತ ಕೊರಗ್ತಾ ಇದ್ದಾರೆ. ನೀವು ಹೇಳ್ಲಿಲ್ವಾ ಅವರಿಗೆ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಯಾರಿಗೂ ಹೇಳಿಲ್ಲ. ಹೇಳಿದ್ರೆ ನಿಮ್ಮ ಕೆಲಸಕ್ಕೆ ಕುತ್ತು ಬರಲ್ವಾ ಮೇಡಂ? ನೀವೇನು ಕೆಟ್ಟದ್ದಕ್ಕೆ ಹೇಳಿದ್ರಾ? ನಮ್ಮ ಮನಸ್ಸು ನೋಡಿ ಹೇಳಿದ್ರಿ."

ಎದೆಗೆ ಆಪರೇಷನ್ ಆಗಬೇಕಾದ ಹೆಂಗಸು ನನ್ನ ಕೆಲಸವನ್ನು ಕಾಯುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಅವಳೇ ನನಗೆ ನೀರು ಕೊಟ್ಟಳು.

ವಾಪಸು ಬಂದು ಒಂದು ಪುಟ ಬರೆದೆ. ಪಾಲಿಸಿದಾರರು ಅವಧಿ ಮುಗಿಯುವ ಮುಂಚೆಯೇ ಸಹಿ ಮಾಡಿದ ಚೆಕ್ಕಿನೊಂದಿಗೆ ಕೌಂಟರಿಗೆ ಬಂದಿದ್ದರು, ತಡ ಮಾಡಿ ಕೊಟ್ಟರೂ ನಡೆಯುತ್ತದೆಂದು ಹೇಳಿದ್ದು ನಾನು, ತಪ್ಪು ಅವರದಲ್ಲ ನನ್ನದು, ಹತ್ತು ದಿನದ ತಡ ಮನ್ನಿಸಿ ಪಾಲಿಸಿಯನ್ನು ಹಳೆಯದರ ಮುಂದುವರಿಕೆ ಎಂದು ಪರಿಗಣಿಸಬೇಕು. ಕೆಳಗೆ ಸಹಿ ಹಾಕಿದೆ. ರಂಗಸ್ವಾಮಿ ಸಾರ್ ಊರೂರಿಗೆ ವರ್ಗವಾಗಿ ತಿರುಗಿ, ನಿವೃತ್ತಿಗೆ ಮುಂಚೆ ಮತ್ತೆ ನಮ್ಮ ಶಾಖೆಗೇ ಬಂದಿದ್ದರು. ಅವರ ಮುಂದೆ ಇಟ್ಟೆ.

ಎರಡು ಸಲ ಓದಿದರು. "ಮೇಲಿನೋರು ನಿಮ್ಮನ್ನ ಸುಮ್ನೆ ಬಿಡಲ್ಲ, ವನಜಾಕ್ಷಿ."

"ಗೊತ್ತು ಸಾರ್."

"ಬರೀದೆ ಇದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಗೌರಮ್ಮಂಗೆ ಗೊತ್ತಿತ್ತು ಸಾರ್. ಗೊತ್ತಿದ್ದೂ ಹೇಳಿಲ್ಲ."

ಅವರು ಪೆನ್ನು ತೆಗೆದು, ನನ್ನ ಸಹಿಯ ಪಕ್ಕದಲ್ಲೇ ಬರೆದರು: 'ಕೇಳಿದಿರಾ?' ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟಾದ ಮೇಲೆ ಇನ್ಯಾರನ್ನು ಕೇಳುವುದು ಸಾರ್ ಎಂದು ಸ್ವಲ್ಪ ಜೋರಾಗಿಯೇ ಅಂದೆ.

"ನಿಮ್ಮ ಮಾತಿಗೆ ನೀವೊಬ್ಬರೇ ಸಾಕ್ಷಿ. ಪರಿಚಯದೋರು ಅಂತ ಸಹಾಯ ಮಾಡ್ತಿದೀರಿ ಅಂತಾರೆ. ಅವಧಿ ಮುಗಿಯೋ ಮುಂಚೆ ಚೆಕ್ಕು ಬರೆದಿತ್ತು ಅಂತೀರಲ್ಲ, ಅದರ ಮೇಲಿನ ತಾರೀಕು ಯಾವುದು? ಕ್ಯಾಷಿಯರನ್ನ ಕೇಳಿದಿರಾ?"

ನಾನು ಕೇಳಿರಲಿಲ್ಲ. ಚೆಕ್ಕು ಬ್ಯಾಂಕಿಗೆ ಹೋಗಿ ತಿಂಗಳುಗಳಾಗಿದ್ದವು. ಆದರೆ ಬಂದ ಪ್ರತಿ ಚೆಕ್ಕಿನ ನಂಬರು, ತಾರೀಕುಗಳನ್ನು ಕ್ಯಾಷಿಯರು ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಕಂಪ್ಯೂಟರು ಬಂದಮೇಲೆ ಅದನ್ನು ನಿಲ್ಲಿಸಿ ಎಂದು ನಾವೆಲ್ಲ ಅವರನ್ನು ಗೇಲಿ ಮಾಡಿದ್ದೆವು, ಪುಣ್ಯಕ್ಕೆ ಅವರು ನಿಲ್ಲಿಸಿರಲಿಲ್ಲ. ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿಯುತ್ತ ಹುಡುಕಿದೆ. ಪಾಡ್ಯದ ದಿನದ ಪುಟದಲ್ಲಿ ಸಿಕ್ಕಿತು. ಚೆಕ್ಕು ಬಂದದ್ದು ಪಾಡ್ಯಕ್ಕೆ. ಚೆಕ್ಕಿನ ಮೇಲಿನ ತಾರೀಕು ಪಕ್ಷ ಶುರುವಾಗುವುದಕ್ಕಿಂತ ಹಿಂದಿನ ದಿನದ್ದು. ಅಂದರೆ ಅವಧಿ ಮುಗಿಯುವುದಕ್ಕೆ ಆರು ದಿನ ಮುಂಚೆ. ಪುಟ್ಟಸ್ವಾಮಿಯವರ ಯಾವ ಪಂಚಾಂಗ ಚೆಕ್ಕನ್ನು ಮನೆಯಲ್ಲೇ ಉಳಿಸಿತ್ತೋ, ಅದೇ ಪಂಚಾಂಗ ಅದನ್ನು ಮುಂಚಿತವಾಗಿ ಬರೆಸಿಯೂ ಇತ್ತು.

ಆ ಪುಟದ ನಕಲು, ನನ್ನ ಕಾಗದ, ರಂಗಸ್ವಾಮಿ ಸಾರ್ ಅವರ ಶಿಫಾರಸು ಮೂರನ್ನೂ ಮೇಲಿನ ಕಚೇರಿಗೆ ಕಳಿಸಿದೆವು. ಯಾರಿಗೂ ಫೋನು ಮಾಡದ ಸಾರ್ ದಿನಕ್ಕೆರಡು ಸಲ ಅಲ್ಲಿಗೆ ಫೋನು ಮಾಡಿದರು. ನಾನು ಪುಟ್ಟಸ್ವಾಮಿಯವರಿಗೆ ನಡೆದದ್ದೆಲ್ಲ ಹೇಳಿ, ಬೊಮ್ಮನಹಳ್ಳಿಯವರಿಗೆ ನಾಲ್ಕು ದಿನ ಬಿಟ್ಟು ಬರಲು ಹೇಳಿ ಎಂದು ಕೈಮುಗಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು "ಹಂಗಾದ್ರೆ ಬರೀ ನನ್ನಿಂದ ಅಲ್ಲ" ಎಂದು ಉಸಿರು ಬಿಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಐದನೆಯ ದಿನ ಆದೇಶ ಬಂತು. ನಮ್ಮ ಸಿಬ್ಬಂದಿಯ ತಪ್ಪು ಸಲಹೆಯಿಂದ ಆದ ತಡವಾದ್ದರಿಂದ ಮನ್ನಿಸಲಾಗಿದೆ, ಪಾಲಿಸಿಯನ್ನು ಮುಂದುವರಿಕೆ ಎಂದೇ ತಿಳಿಯಬೇಕು. ಅಲ್ಲಿಗೆ ಸಕ್ಕರೆ ಕಾಯಿಲೆ 'ಮುಂಚಿನದು' ಆಗಿ ಉಳಿಯಲಿಲ್ಲ. ಅದೇ ಸಂಜೆ ಆಸ್ಪತ್ರೆಗೆ ಒಪ್ಪಿಗೆ ಹೋಯಿತು, ಆ ವಾರವೇ ಆಪರೇಷನ್ ಆಯಿತು. ಮೈಯೊಂದೇ ಇದ್ದರೂ, ಕಾಯಿಲೆಯೂ ಅದೇ ಆದರೂ, ಒಂದು ತಾರೀಕಿನ ಮೇಲೆ ಅದು ಹಳೆಯದೋ ಹೊಸದೋ ಆಗುತ್ತದೆ. ಆ ತಾರೀಕನ್ನು ಕಾಯುವುದೇ ನಮ್ಮ ಕೆಲಸ. ಹುಡುಗಿ ಕೇಳಿದ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇಷ್ಟೇ.

ಆದೇಶದ ಹಿಂದೆಯೇ ನನಗೊಂದು ಮೆಮೊ ಬಂತು. ಇನ್ನು ಮುಂದೆ ಎಚ್ಚರ ತಪ್ಪಿದರೆ ಕ್ರಮ ಕೈಗೊಳ್ಳಲಾಗುವುದು ಎಂದಿತ್ತು. ರಂಗಸ್ವಾಮಿ ಸಾರ್ ನನ್ನನ್ನು ಕರೆದು ಅದನ್ನು ಕೈಗೆ ಕೊಟ್ಟರು. ಕೊಟ್ಟವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಅರ್ಧ ಲೋಟ ಕಷಾಯ ಬಗ್ಗಿಸಿ ನನ್ನ ಕಡೆ ತಳ್ಳಿದರು. ಕಹಿ ವಿಷದಂತಿತ್ತು. ಪೂರ್ತಿ ಕುಡಿದೆ.

ಆಮೇಲೆ ನಾವಿಬ್ಬರೂ ಒಂದು ಕೆಲಸ ಹಚ್ಚಿಕೊಂಡೆವು. ಪ್ರತಿ ವರ್ಷ ಪಂಚಾಂಗ ತರಿಸಿ, ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಯಾರ ರಿನ್ಯೂವಲ್ ಬೀಳುತ್ತದೆಂದು ಪಟ್ಟಿ ಮಾಡಿ, ಅವರಿಗೆಲ್ಲ ತಿಂಗಳು ಮುಂಚೆ ಅಂಚೆ ಕಾರ್ಡು ಹಾಕುವುದು. ಕಂಪನಿಯ ಸುತ್ತೋಲೆಗೆ ಹೆದರದ ಜನ ಪಂಚಾಂಗಕ್ಕೆ ಹೆದರುತ್ತಾರೆ, ಅವರನ್ನು ಹೇಗೆ ಒಪ್ಪಿಸುವುದು ಎಂದು ನಮ್ಮ ಕುಮಾರಸ್ವಾಮಿ ಲೇಔಟಿನ ದೇವಸ್ಥಾನದ ಅರ್ಚಕರನ್ನು ಹೋಗಿ ಕೇಳಿದೆ. ಅವರು ನಕ್ಕರು. "ಹೊಸ ದೀಪ ಹಚ್ಚೋದಕ್ಕೆ ಮುಹೂರ್ತ ನೋಡ್ಲಿ. ಉರೀತಿರೋ ದೀಪಕ್ಕೆ ಎಣ್ಣೆ ಹಾಕೋದಕ್ಕೂ ಯಾರಾದ್ರೂ ಮುಹೂರ್ತ ನೋಡ್ತಾರೇನಮ್ಮ?" ಆ ಮಾತನ್ನೇ ಕಾರ್ಡಿನ ಮೇಲೆ ಬರೆದೆವು. ಸಾರ್ ನಿವೃತ್ತರಾಗುವ ತನಕ ಅರ್ಧ ಕಾರ್ಡುಗಳು ಹಸಿರು ಶಾಯಿಯಲ್ಲೇ ಹೋದವು. ಆಮೇಲೆಲ್ಲ ನಾನೇ ಬರೆದೆ.

ಈಗ ನಿಯಮಗಳೂ ಮೆತ್ತಗಾಗಿವೆ. ಮುಂಚಿನ ಕಾಯಿಲೆಗೆ ಎಂದೆಂದಿಗೂ ದುಡ್ಡಿಲ್ಲ ಎಂಬುದು ಹೋಗಿ, ಕೆಲವು ವರ್ಷ ತಪ್ಪದೆ ಕಟ್ಟಿದ ಮೇಲೆ ಅದಕ್ಕೂ ಕೊಡುತ್ತಾರೆ. ನಾಲ್ಕು ದಿನ ತಡವಾದರೆ ತಲೆ ತೆಗೆಯುವುದಿಲ್ಲ. ನಿಮ್ಮ ಕಾಲ ನಮ್ಮದಕ್ಕಿಂತ ಒಳ್ಳೆಯದು, ಸಂತೋಷ. ಆದರೆ ಪರದೆಯ ಮೇಲೆ ಬಂದದ್ದನ್ನು ನಂಬಿ 'ತಿರಸ್ಕರಿಸಿ' ಒತ್ತುವ ಮುಂಚೆ ಒಂದು ಸಲ ಕೇಳಿ. ಬಸ್ಸು ಹತ್ತಲಾಗದಿದ್ದರೆ ಫೋನಾದರೂ ಮಾಡಿ.

ಗೌರಮ್ಮ ಚೆನ್ನಾಗಿದ್ದಾಳೆ. ಭಾರ ಎತ್ತಬಾರದೆಂದು ಹೇಳಿದ್ದಾರೆ, ಹಾಗಾಗಿ ಗಿರಣಿಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ತೂಕ ನೋಡುತ್ತಾಳೆ. ಹಿಂದಿನ ಗೋಡೆಗೆ ನನ್ನ ಅಂಚೆ ಕಾರ್ಡೊಂದನ್ನು ಅಂಟಿಸಿದ್ದಾಳೆ. ಹಿಟ್ಟು ಮೆತ್ತಿ ಅಕ್ಷರ ಕಾಣುವುದಿಲ್ಲ, ಅವಳಿಗೆ ಅದು ಬಾಯಿಪಾಠ. ಸರದಿಯಲ್ಲಿ ನಿಂತವರನ್ನೆಲ್ಲ ವಿಚಾರಿಸುತ್ತಾಳೆ.

ಹೋದ ಭಾದ್ರಪದದಲ್ಲಿ ರಾಗಿಯ ಡಬ್ಬ ಹಿಡಿದು ಅವಳಲ್ಲಿಗೆ ಹೋಗಿದ್ದೆ. ಗಣೇಶನ ಹಬ್ಬ ಮುಗಿದಿತ್ತು, ಮಾರನೆಯ ದಿನ ಪಕ್ಷ ಹಿಡಿಯುವುದಿತ್ತು. ಒಳಗೆ ಮಷೀನಿನ ಸದ್ದು. ಗೌರಮ್ಮ ನನ್ನ ಡಬ್ಬವನ್ನು ತಕ್ಕಡಿಯ ಮೇಲಿಟ್ಟು, ಕಣ್ಣು ಮುಳ್ಳಿನ ಮೇಲಿಟ್ಟುಕೊಂಡೇ ಕೇಳಿದಳು.

"ಮೇಡಂ, ನಿಮ್ದು ಕಟ್ಟಿದ್ರಾ ಈ ಸಲ?"

"ನಂದಾ?" ಎಂದೆ. ವರ್ಷಗಟ್ಟಲೆ ಊರಿಗೆಲ್ಲ ಕಾರ್ಡು ಹಾಕಿದವಳು ನಾನು. ನಿವೃತ್ತಳಾದ ಮೇಲೆ ನನ್ನ ಪಾಲಿಸಿಯನ್ನು ನಾನೇ ನೋಡಿಕೊಳ್ಳಬೇಕಿತ್ತು. ತಾರೀಕು ಯಾವಾಗ ಎಂದು ಲೆಕ್ಕ ಹಾಕಿದೆ. ಇನ್ನು ಮೂರು ದಿನ.

ಅವಳು ನನ್ನ ಮುಖ ನೋಡಿದಳು. ತಕ್ಕಡಿಯಿಂದ ಡಬ್ಬ ಇಳಿಸಿ ಪಕ್ಕಕ್ಕಿಟ್ಟಳು. "ರೀ" ಎಂದು ಒಳಗೆ ಕೂಗಿದಳು. ಪುಟ್ಟಸ್ವಾಮಿ ಹಿಟ್ಟಿನ ಮುಖದಲ್ಲಿ ಹೊರಗೆ ಬಂದರು. "ಸ್ಕೂಟ್ರು ತೆಗೀರಿ. ಮೇಡಂನ ಜಯನಗರಕ್ಕೆ ಬಿಟ್ಟು, ಚೆಕ್ಕು ಕೊಟ್ಟು ರಸೀತಿ ತೊಗೊಂಡ್ರಾ ಅಂತ ನೋಡ್ಕೊಂಡು ಕರ್ಕೊಂಡು ಬನ್ನಿ."

"ನಾಳೆ ಹೋದ್ರಾಯ್ತು ಬಿಡಿ ಗೌರಮ್ಮ. ಏನೂ ಮುಳುಗಿ ಹೋಗಲ್ಲ" ಎಂದೆ. ಅಂದ ಮೇಲೆ ನನಗೇ ಕೇಳಿಸಿತು.

"ರಾಗಿ ಎಲ್ಲೂ ಹೋಗಲ್ಲ" ಎಂದಳು ಗೌರಮ್ಮ. "ನೀವು ಹೋಗಿ ಬನ್ನಿ, ಬಂದ್ಮೇಲೆ ಬೀಸಿಕೊಡ್ತೀನಿ."